ಪಕ್ಕದ ಶೆಡ್ಡಿಗೆ ಬೇಕಾದದ್ದು ನಿಮ್ಮ ಶೆಡ್ಡಿನ ಹಿಂದೆ ಬಿದ್ದಿದೆ

ಪ್ರಶ್ನೆ: ತುಮಕೂರು ಹತ್ತಿರದ ಒಂದು ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಮೆಷಿನ್) ಘಟಕ. ಇಲ್ಲಿನ ಮಾಲೀಕರ ಸಂಘದ ಕಾರ್ಯದರ್ಶಿಯೂ ನಾನೇ. ಸುತ್ತಮುತ್ತ ಮೆಷಿನ್ ಶಾಪ್, ಪ್ಲಾಸ್ಟಿಕ್ ಮೋಲ್ಡಿಂಗ್, ಗಾರ್ಮೆಂಟ್ಸ್, ಕುರುಕಲು ತಿಂಡಿ, ಪ್ಯಾಕಿಂಗ್ ಬಾಕ್ಸ್ ಹೀಗೆ ಐವತ್ತಕ್ಕೂ ಹೆಚ್ಚು ಘಟಕಗಳಿವೆ. ಒಬ್ಬರಲ್ಲಿ ಮಿಕ್ಕಿದ್ದು ಇನ್ನೊಬ್ಬರಿಗೆ ಉಪಯೋಗವಾಗಲಿ ಅಂತ ವಾಟ್ಸಾಪ್ ಗುಂಪು ಮಾಡಿದೆವು. ಮೊದಲ ತಿಂಗಳು ಉತ್ಸಾಹ ಇತ್ತು. ಈಗ ಅಲ್ಲಿ ಗುಡ್ ಮಾರ್ನಿಂಗ್ ಸಂದೇಶ ಮಾತ್ರ. ತಪ್ಪಿದ್ದೆಲ್ಲಿ? ಎಲ್ಲಿಂದ ಶುರು ಮಾಡಬೇಕು? ಮಾಲಿನ್ಯ ಮಂಡಳಿ, ಜಿಎಸ್‌ಟಿ ಕಡೆಯಿಂದ ತೊಂದರೆ ಆಗುತ್ತದಾ? ಖಾಲಿ ಕೂತ ಮೆಷಿನ್‌ಗಳನ್ನೂ ಹೀಗೆ ಹಂಚಿಕೊಳ್ಳಬಹುದಾ?

ಉತ್ತರ: ಗುಂಪಿನಲ್ಲಿ ಬಂದಿದ್ದ ಹಳೇ ಸಂದೇಶಗಳನ್ನು ಒಮ್ಮೆ ತೆಗೆದು ನೋಡಿ. ‘ಸ್ಕ್ರ್ಯಾಪ್ ಇದೆ, ಬೇಕಾದವರು ಕರೆ ಮಾಡಿ’, ‘ಹಳೇ ಪ್ಯಾಲೆಟ್ ಇವೆ’ ಅನ್ನುವ ಥರದವೇ ಜಾಸ್ತಿ ಇರುತ್ತವೆ. ಇದನ್ನು ಓದಿದವರು ಏನು ಮಾಡಬೇಕು? ಯಾವ ಸ್ಕ್ರ್ಯಾಪ್, ಎಷ್ಟು ಕಿಲೋ, ಎಣ್ಣೆ ಹತ್ತಿದೆಯಾ, ಇದೊಂದೇ ಸಲವಾ ಅಥವಾ ವಾರವಾರ ಸಿಗುತ್ತದಾ, ಯಾವುದೂ ಗೊತ್ತಾಗುವುದಿಲ್ಲ. ಕೆಲಸದ ನಡುವೆ ಫೋನ್ ಮಾಡಿ ಇಷ್ಟೆಲ್ಲ ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಹೊಸದಾಗಿ ಖರೀದಿಸುವಾಗ ನಾವು ಗ್ರೇಡ್, ಅಳತೆ, ದಪ್ಪ, ದರ ಎಲ್ಲ ಕೇಳುತ್ತೇವೆ. ಮಿಕ್ಕಿದ್ದನ್ನು ಮಾತ್ರ ‘ವೇಸ್ಟ್’ ಅಂತ ಒಂದೇ ಹೆಸರಲ್ಲಿ ರಾಶಿ ಹಾಕುತ್ತೇವೆ. ಮೊದಲ ತೊಡಕು ಇದು.

ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮಲ್ಲಿ ವಾರಕ್ಕೆ ಎಷ್ಟು ಹಿತ್ತಾಳೆ ಚಿಪ್ಸ್ (ಕೊರೆಯುವಾಗ ಉದುರುವ ಲೋಹದ ಚೂರು) ಬೀಳುತ್ತದೆ ಅಂತ ಗೊತ್ತಾದರೆ, ನೀವು ಎಷ್ಟು ಪೀಸ್ ಹೊಡೆಯುತ್ತಿದ್ದೀರಿ ಅಂತ ಪಕ್ಕದ ಮೆಷಿನ್ ಶಾಪಿನವರು ಅರ್ಧ ಗಂಟೆಯಲ್ಲಿ ಲೆಕ್ಕ ಹಾಕುತ್ತಾರೆ. ಆರ್ಡರ್ ಯಾರದ್ದು ಅಂತಲೂ ಊಹಿಸಬಹುದು. ಪೈಪೋಟಿ ಇರುವ ಕಡೆ ಇದು ಸುಮ್ನೆ ಭಯವಲ್ಲ, ನ್ಯಾಯವಾದ ಭಯ. ಎಲ್ಲರೂ ಎಲ್ಲವನ್ನೂ ನೋಡುವ ಗುಂಪಿನಲ್ಲಿ ನಿಮ್ಮ ಲೆಕ್ಕ ಬರೆದು ಹಾಕಿ ಅಂದರೆ ಬುದ್ಧಿವಂತರು ಸುಮ್ಮನಿರುತ್ತಾರೆ.

ಹಾಗಾಗಿ ನಿಮಗೆ ಈಗ ಬೇಕಾಗಿರುವುದು ಇನ್ನೊಂದು ಗುಂಪೂ ಅಲ್ಲ, ಆ್ಯಪೂ ಅಲ್ಲ. ಶೆಡ್ಡಿನಿಂದ ಶೆಡ್ಡಿಗೆ ನಡೆದು ನೋಡುವ ಒಬ್ಬ ನಂಬಿಕಸ್ಥ ವ್ಯಕ್ತಿ, ಮತ್ತು ಪ್ರತಿ ಘಟಕಕ್ಕೆ ಒಂದು ಪುಟದ ಪಟ್ಟಿ. ಪುಟದಲ್ಲಿ ಎರಡು ಭಾಗ. ಒಂದರಲ್ಲಿ ಮಿಕ್ಕುವುದು, ಇನ್ನೊಂದರಲ್ಲಿ ದುಡ್ಡು ಕೊಟ್ಟು ತರುವುದು. ಎರಡನೇ ಭಾಗವನ್ನು ಬಹಳ ಜನ ಮರೆಯುತ್ತಾರೆ. ಬ್ರಿಟನ್ನಿನಲ್ಲಿ 2005ರಿಂದ ದೇಶದುದ್ದಕ್ಕೂ ನಡೆದ ಕಾರ್ಯಕ್ರಮವೊಂದು ಇದನ್ನೇ ಮಾಡಿತು. ಕಂಪನಿಯವರನ್ನು ಒಂದು ಕೋಣೆಯಲ್ಲಿ ಸೇರಿಸಿ, ಏನಿದೆ, ಏನು ಬೇಕು ಅಂತ ಬರೆಸಿ, ಜೋಡಿ ಹುಡುಕುತ್ತಿದ್ದರು. ಆದರೆ ಆಮೇಲೆ ಬೆನ್ನು ಹತ್ತಿ ಫೋನ್ ಮಾಡಿ, ಸ್ಯಾಂಪಲ್ ಕಳಿಸಿ, ಲಾರಿ ಗೊತ್ತು ಮಾಡುವುದಕ್ಕೆ ಸಂಬಳದ ಜನ ಇದ್ದರು. ಕೆಲಸ ನಡೆದದ್ದು ಅಲ್ಲಿ. ನಿಮ್ಮ ಸಂಘದವರು ಸೇರಿ ವಾರಕ್ಕೆ ಎರಡು ದಿನ ಬರುವ ಒಬ್ಬ ಡಿಪ್ಲೊಮಾ ಓದಿದ ಹುಡುಗಿಯನ್ನೋ ಹುಡುಗನನ್ನೋ ಇಟ್ಟುಕೊಂಡರೆ ಸಾಕು. ಪಟ್ಟಿ ಅವರ ಹತ್ತಿರ ಮಾತ್ರ ಇರಲಿ. ಜೋಡಿ ಸಿಕ್ಕಾಗ ಆ ಇಬ್ಬರಿಗೆ ಮಾತ್ರ ಹೇಳಲಿ.

ಡೆನ್ಮಾರ್ಕಿನ ಕಾಲುಂಡ್‌ಬೋರ್ಗ್ ಊರಿನ ಹೆಸರನ್ನು ಈ ವಿಷಯದಲ್ಲಿ ಎಲ್ಲರೂ ಹೇಳುತ್ತಾರೆ. 1972ರಲ್ಲಿ ಅಲ್ಲಿನ ತೈಲ ಶುದ್ಧೀಕರಣ ಘಟಕ ಸುಮ್ಮನೆ ಉರಿಸಿಬಿಡುತ್ತಿದ್ದ ಗ್ಯಾಸನ್ನು ಜಿಪ್ಸಮ್ ಬೋರ್ಡ್ ಕಾರ್ಖಾನೆ ತೆಗೆದುಕೊಳ್ಳಲು ಶುರು ಮಾಡಿತು. ಆಮೇಲೆ ವಿದ್ಯುತ್ ಸ್ಥಾವರದ ಹಬೆ ಔಷಧ ಕಾರ್ಖಾನೆಗೆ ಹೋಯಿತು, ಬೂದಿ ಸಿಮೆಂಟಿಗೆ ಹೋಯಿತು. ಮೊದಲೇ ನಕ್ಷೆ ಬರೆದು ಮಾಡಿದ್ದಲ್ಲ ಇದು. ಚಿಕ್ಕ ಊರು, ಮ್ಯಾನೇಜರುಗಳಿಗೆಲ್ಲ ಪರಸ್ಪರ ಪರಿಚಯ, ಇಬ್ಬಿಬ್ಬರು ಕೂತು ಲಾಭ ನೋಡಿ ಮಾಡಿಕೊಂಡ ಒಪ್ಪಂದಗಳು.

ಆದರೆ ಅಷ್ಟು ದೂರ ಯಾಕೆ, ನಂಜನಗೂಡಿಗೇ ಹೋಗೋಣ. ಅಲ್ಲಿನ ಕೈಗಾರಿಕಾ ಪ್ರದೇಶದ 42 ಕಂಪನಿಗಳಲ್ಲಿ ಏನು ಮಿಕ್ಕುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 9 ಲಕ್ಷ ಟನ್ ಮಿಕ್ಕುತ್ತಿತ್ತು. ಅದರಲ್ಲಿ ಶೇ 99ಕ್ಕಿಂತ ಜಾಸ್ತಿ ಎಲ್ಲೋ ಒಂದು ಕಡೆ ಮತ್ತೆ ಬಳಕೆಯಾಗುತ್ತಿತ್ತು! ಶೇ 81ರಷ್ಟನ್ನು ಹುಟ್ಟಿದ ಕಾರ್ಖಾನೆಯೇ ಬಳಸುತ್ತಿತ್ತು. ಅದರ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಯದು. ಗೇಟು ದಾಟಿ ಹೊರಗೆ ಹೋದದ್ದರಲ್ಲಿ ಶೇ 90ಕ್ಕೂ ಹೆಚ್ಚು 20 ಕಿಲೋಮೀಟರ್ ಒಳಗೇ ಸೇರುತ್ತಿತ್ತು.

ಇದರಿಂದ ನಿಮಗೆ ಎರಡು ಪಾಠ. ಒಂದು, ಜೋಡಿ ಹುಡುಕಲು ಬೆಂಗಳೂರು ಸುತ್ತಬೇಕಿಲ್ಲ. ಭಾರ ಜಾಸ್ತಿ ಬೆಲೆ ಕಡಿಮೆ ಇರುವ ಮಾಲು ದೂರ ಹೋಗುವುದಿಲ್ಲ, ಲಾರಿ ಬಾಡಿಗೆಯೇ ಅದನ್ನು ತಿಂದುಹಾಕುತ್ತದೆ. ತಾಮ್ರ, ಹಿತ್ತಾಳೆ ರಾಜ್ಯ ದಾಟಿ ಹೋಗಬಹುದು. ಬೂದಿ, ಮರದ ಹೊಟ್ಟು, ಮರಳು ಅಕ್ಕಪಕ್ಕದಲ್ಲೇ ಖರ್ಚಾಗಬೇಕು. ಬಾಯ್ಲರಿನ ಹಬೆಯಂತೂ ಕಾಂಪೌಂಡ್ ಆಚೆಯ ಮನೆಗೆ ಮಾತ್ರ.

ಎರಡನೇ ಪಾಠ ಇನ್ನೂ ಮುಖ್ಯ. ನಮ್ಮಲ್ಲಿ ಈ ಹಂಚಿಕೆ ಆಗಲೇ ನಡೆಯುತ್ತಿದೆ. ನಡೆಸುತ್ತಿರುವವರು ಗುಜರಿಯವರು. ನಿಮ್ಮ ಪ್ರದೇಶದ ಐವತ್ತು ಘಟಕದಲ್ಲಿ ಯಾರಲ್ಲಿ ಏನು ಬೀಳುತ್ತದೆ, ಯಾರದ್ದು ಚೊಕ್ಕ, ಯಾರದ್ದು ಕಲಬೆರಕೆ ಅನ್ನುವುದು ನಿಮ್ಮ ಸಂಘಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು. ‘ಮಧ್ಯವರ್ತಿಯನ್ನು ತೆಗೆದರೆ ಲಾಭ ನಮಗೇ’ ಅಂತ ಹೊರಟ ಸಂಘಗಳು ಸಾಮಾನ್ಯವಾಗಿ ಮುಗ್ಗರಿಸುತ್ತವೆ. ಆರಿಸುವುದು, ಒತ್ತಿ ಕಟ್ಟುವುದು, ಸ್ವಲ್ಪ ಸ್ವಲ್ಪ ಸೇರಿಸಿ ಲೋಡ್ ಮಾಡುವುದು, ದರ ಬಿದ್ದಾಗ ಇಟ್ಟುಕೊಂಡು ಕಾಯುವುದು, ಇಷ್ಟನ್ನು ಯಾರು ಮಾಡುತ್ತಾರೆ? ಅವರನ್ನು ನಿಮ್ಮ ಮೊದಲ ಸಭೆಗೇ ಕರೆಯಿರಿ. ಕುರ್ಚಿ ಹಾಕಿ ಕೂರಿಸಿ ಕೇಳಿ. ಯಾವ ಮಾಲು ಅವರಿಗೂ ಬೇಡವೋ, ಅಥವಾ ಬಿಡಿಗಾಸಿಗೆ ಹೋಗುತ್ತಿದೆಯೋ, ಅಲ್ಲಿ ನಿಮ್ಮ ಕೆಲಸ ಶುರುವಾಗುತ್ತದೆ.

ಈಗ ಒಂದು ಲೇತ್ ಮೆಷಿನ್ ಹತ್ತಿರ ನಿಲ್ಲೋಣ. ಬಹುತೇಕ ಶಾಪಿನಲ್ಲಿ ಕಾಣುವುದು ಇದು: ಬೆಳಗ್ಗೆ ಎಂಎಸ್ (ಸಾದಾ ಉಕ್ಕು), ಮಧ್ಯಾಹ್ನ ಅಲ್ಯುಮಿನಿಯಂ, ಸಂಜೆ ಹಿತ್ತಾಳೆ. ಮೂರರ ಚಿಪ್ಸೂ ಒಂದೇ ಟ್ರೇಗೆ ಬೀಳುತ್ತದೆ. ಅದನ್ನು ಬಾಚಿ ಹಿಂದಿನ ಡ್ರಮ್ಮಿಗೆ ಹಾಕುತ್ತಾರೆ, ಕೂಲೆಂಟ್ (ಕೊರೆಯುವಾಗ ಬಿಸಿ ತಣಿಸಲು ಹರಿಸುವ ದ್ರವ) ಸಮೇತ. ಡ್ರಮ್ ಮಳೆಯಲ್ಲಿ ನಿಂತಿರುತ್ತದೆ. ಗುಜರಿಯವರು ಬಂದು ಇಣುಕಿ ನೋಡುತ್ತಾರೆ. ಕಬ್ಬಿಣದ ದರ ಹೇಳಿ, ಅದರ ಮೇಲೆ ನೀರಿಗೆ ಅಂತ ತೂಕದಲ್ಲೂ ಕಡಿತ ಮಾಡುತ್ತಾರೆ. ಹಿತ್ತಾಳೆಯ ದರ ಕಬ್ಬಿಣದ ಹಲವು ಪಟ್ಟು, ಅಲ್ವಾ? ಆ ದುಡ್ಡು ಅಲ್ಲೇ ಹೋಯಿತು. ಅವರನ್ನು ಬೈದು ಪ್ರಯೋಜನವಿಲ್ಲ. ಬೆರೆತದ್ದನ್ನು ಬಿಡಿಸುವ ಕೂಲಿ ಅವರ ತಲೆಗೆ ಬರುತ್ತದೆ.

ಬದಲಿಗೆ ಹೀಗೆ ಮಾಡಿ. ಲೋಹಕ್ಕೊಂದು ಬಣ್ಣದ ಟ್ರೇ. ಜಾಬ್ (ಮೆಷಿನ್ನಿನಲ್ಲಿ ಮಾಡುವ ಬಿಡಿಭಾಗ) ಬದಲಾದಾಗ ಟ್ರೇ ಬದಲಾಗಬೇಕು, ಮೆಷಿನ್ ಬೆಡ್ ಬ್ರಷ್ ಹಾಕಿ ಗುಡಿಸಬೇಕು. ಇದನ್ನು ಸೆಟ್ಟಿಂಗ್ ಶೀಟಿನಲ್ಲೇ ಬರೆದುಬಿಡಿ. ಹಿಂದಿನ ಡ್ರಮ್ಮನ್ನು ಸ್ವಲ್ಪ ವಾಲಿಸಿ ಇಟ್ಟು, ತಳಕ್ಕೆ ಜಾಲರಿ, ಕೆಳಗೆ ಒಂದು ತಟ್ಟೆ ಇಡಿ. ರಾತ್ರಿಯಿಡೀ ಸೋರಿದ ಕೂಲೆಂಟನ್ನು ಸೋಸಿ ಮತ್ತೆ ಟ್ಯಾಂಕಿಗೆ ಹಾಕಬಹುದು. ಮೇಲೊಂದು ತಗಡಿನ ಮಾಡು. ಖರ್ಚು ಹೆಚ್ಚೇನಿಲ್ಲ. ನಾಲ್ಕು ವಾರ ತೂಗಿ ಬರೆಯಿರಿ. ಆಗ ನಿಮ್ಮ ಪುಟದಲ್ಲಿ ‘ಹಿತ್ತಾಳೆ ಚಿಪ್ಸ್, ಒಣಗಿದ್ದು, ಬೆರಕೆ ಇಲ್ಲ, ತಿಂಗಳಿಗೆ ಇಷ್ಟು’ ಅಂತ ಬರೆಯಲು ಸಾಧ್ಯ. ಹಂಚಿಕೆಯ ಅರ್ಧ ಕೆಲಸ ಮೆಷಿನ್ ಪಕ್ಕದಲ್ಲೇ ಮುಗಿಯುತ್ತದೆ ಅಂತ ನಾನು ಪದೇಪದೇ ಹೇಳುವುದು ಇದಕ್ಕೆ. ಬೆರೆತ ಮೇಲೆ ಯಾವ ಆ್ಯಪೂ ಅದನ್ನು ಬಿಡಿಸಿಕೊಡುವುದಿಲ್ಲ.

ಪ್ಲಾಸ್ಟಿಕ್ ಮೋಲ್ಡಿಂಗ್‌ನವರದ್ದೂ ಇದೇ ಕಥೆ. ರನ್ನರನ್ನು (ಅಚ್ಚಿನ ಕಾಲುವೆಯಲ್ಲಿ ಉಳಿದು ಗಟ್ಟಿಯಾದ ಪ್ಲಾಸ್ಟಿಕ್) ಗ್ರೈಂಡ್ ಮಾಡಿ ಒಂದಿಷ್ಟು ಪಾಲು ಮತ್ತೆ ಹಾಕುತ್ತಾರೆ, ಸರಿ. ಆದರೆ ನೈಲಾನ್ ಮತ್ತು ಪಿಪಿ (ಪಾಲಿಪ್ರೊಪಿಲೀನ್) ಒಂದೇ ಚೀಲಕ್ಕೆ ಬಿದ್ದರೆ ಎರಡೂ ಕೆಟ್ಟಂತೆ. ಚೀಲದ ಮೇಲೆ ಗ್ರೇಡ್ ಮತ್ತು ಬಣ್ಣ ಬರೆಯುವ ಒಂದು ಮಾರ್ಕರ್ ಪೆನ್ನಿಗೆ ಅಲ್ಲಿ ಬಹಳ ಬೆಲೆ ಇದೆ.

ಮೊದಲ ಜೋಡಿ ಯಾವುದಿರಲಿ ಅಂತ ಕೇಳಿದರೆ, ನಿಮ್ಮ ವಿವರ ಓದಿದಾಗಲೇ ಒಂದು ಕಣ್ಣಿಗೆ ಬಿತ್ತು. ಗಾರ್ಮೆಂಟ್ಸ್‌ನವರಲ್ಲಿ ಕಟಿಂಗ್ ಬಟ್ಟೆ ರಾಶಿ ಬೀಳುತ್ತದೆ. ನಿಮ್ಮಂಥ ಮೆಷಿನ್ ಶಾಪಿನವರು ಒರೆಸಲು ಬನಿಯನ್ ವೇಸ್ಟನ್ನು ಪೇಟೆಯಿಂದ ಕಿಲೋ ಲೆಕ್ಕದಲ್ಲಿ ತರುತ್ತೀರಿ. ನಡುವೆ ಇರುವುದು ಒಂದೆರಡು ರಸ್ತೆ. ಆದರೆ ಶರತ್ತು ಮೊದಲೇ ಮಾತಾಡಿ: ಹತ್ತಿ ಬಟ್ಟೆ ಮಾತ್ರ ಬೇಕು, ಪಾಲಿಯೆಸ್ಟರ್ ನೀರಿನಂಶವನ್ನು ಸರಿಯಾಗಿ ಹೀರುವುದಿಲ್ಲ. ಗುಂಡಿ, ಜಿಪ್ ಇದ್ದರೆ ಮುಗಿದ ಜಾಬಿನ ಮೇಲೆ ಗೀರು ಬೀಳುತ್ತದೆ. ಅಂಗೈಗಿಂತ ಚಿಕ್ಕ ಚೂರು ಉಪಯೋಗವಿಲ್ಲ. ಇನ್ನೊಂದು ವಿಷಯ. ಒರೆಸಿ ಎಣ್ಣೆ ಹತ್ತಿದ ಮೇಲೆ ಅದೇ ಬಟ್ಟೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಟೀ ಅಂಗಡಿಯ ಒಲೆಗೆ ಕೊಡಬಾರದು.

ಪ್ಯಾಲೆಟ್, ಅಂದರೆ ಮಾಲು ಪೇರಿಸಿಡುವ ಮರದ ಹಲಗೆಯ ಅಡ್ಡೆ, ಎರಡನೆಯದು. ಆಮದು ಮಾಲು ಬಂದ ಪ್ಯಾಲೆಟ್ಟಿನ ಬದಿಯಲ್ಲಿ ತೆನೆಯ ಗುರುತು ಇರುವ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತ ಇದ್ದರೆ ಮರವನ್ನು ಬಿಸಿ ಮಾಡಿ ಹುಳು ಸಾಯಿಸಿದ್ದಾರೆ, ಒಳಭಾಗ 56 ಡಿಗ್ರಿಯಲ್ಲಿ 30 ನಿಮಿಷ. ಪ್ಯಾಕಿಂಗ್ ಘಟಕದವರು ಅದನ್ನು ಧೈರ್ಯವಾಗಿ ಬಿಚ್ಚಿ ಮತ್ತೆ ಬಾಕ್ಸ್ ಮಾಡಬಹುದು. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಅದನ್ನು ಪೀಠೋಪಕರಣಕ್ಕೂ ಬೇಡ, ಉರಿಸುವುದಕ್ಕೂ ಬೇಡ. ಬಿಚ್ಚಿ ಜೋಡಿಸಿದ ಪ್ಯಾಲೆಟ್ ರಫ್ತಿಗೆ ಹೋಗಬೇಕಾದರೆ ಹಳೇ ಮುದ್ರೆ ನಡೆಯುವುದಿಲ್ಲ, ಹೊಸದಾಗಿ ಟ್ರೀಟ್‌ಮೆಂಟ್ ಮಾಡಿಸಬೇಕು.

ಕುರುಕಲು ತಿಂಡಿಯವರ ಕರಿದ ಎಣ್ಣೆ ಬಗ್ಗೆ ಕಟ್ಟುನಿಟ್ಟಾಗಿರಿ. ಅದು ರಾತ್ರಿ ತಳ್ಳುಗಾಡಿಗೆ ಅಗ್ಗಕ್ಕೆ ಹೋಗುವುದು ನಮ್ಮೂರುಗಳಲ್ಲಿ ಹೊಸದೇನಲ್ಲ. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಕೆಟ್ಟಂತೆ ಹೆಚ್ಚುವ ವಸ್ತುಗಳು) ಶೇ 25 ದಾಟಿದರೆ ಅಡುಗೆಗೆ ಬಳಸುವಂತಿಲ್ಲ ಅಂತ 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಬಯೋಡೀಸೆಲ್ ಮಾಡುವವರಿಗಾಗಿ ಇದನ್ನು ಸಂಗ್ರಹಿಸುವ ಅಧಿಕೃತ ಸಂಸ್ಥೆಗಳಿವೆ. ಒಂದೇ ಘಟಕಕ್ಕೆ ಅವರು ಗಾಡಿ ಕಳಿಸಲು ಹಿಂದೇಟು ಹಾಕಬಹುದು. ನಾಲ್ಕೈದು ಘಟಕ ಮತ್ತು ಹತ್ತಿರದ ಹೋಟೆಲುಗಳು ಸೇರಿ ಒಂದು ದಿನ ಗೊತ್ತು ಮಾಡಿದರೆ ಬರುತ್ತಾರೆ.

ನಿಮ್ಮದು ತೆಂಗಿನ ಜಿಲ್ಲೆ. ತಿಪಟೂರು ಕಡೆಯ ನಾರಿನ ಘಟಕಗಳ ಪುಡಿ ನರ್ಸರಿಗೆ ಹೋಗುತ್ತದೆ, ಚಿಪ್ಪು ಸುಟ್ಟು ಇದ್ದಿಲಾಗಿ ನೀರು ಸೋಸುವ ಇಂಗಾಲದ ತಯಾರಿಕೆಗೆ ಹೋಗುತ್ತದೆ. ಬಾಯ್ಲರ್ ಇರುವ ಘಟಕದವರು ಅಗ್ಗ ಅಂತ ಚಿಪ್ಪನ್ನು ಹಾಗೇ ಒಲೆಗೆ ಹಾಕುವ ಮೊದಲು ಇದ್ದಿಲಿನವರ ದರ ವಿಚಾರಿಸಲಿ. ಸುಡುವುದು ಕೊನೆಯ ದಾರಿ.

ನನಗೆ ನಿಜವಾಗಿ ಸಂಕಟವಾಗುವುದು ನೀಲಿ ಡ್ರಮ್ಮಿನ ವಿಷಯದಲ್ಲಿ. ರಾಸಾಯನಿಕ ಬಂದ ಡ್ರಮ್ಮನ್ನು ತೊಳೆದು ಕೆಲಸದವರಿಗೆ ಕೊಡುತ್ತೇವೆ, ಒಳ್ಳೇ ಮನಸ್ಸಿನಿಂದಲೇ. ಅವರ ಮನೆಯಲ್ಲಿ ಅದರಲ್ಲಿ ಕುಡಿಯುವ ನೀರು ತುಂಬುತ್ತಾರೆ. ಪ್ಲಾಸ್ಟಿಕ್ ಒಳಗೆ ಹೀರಿಕೊಂಡ ರಾಸಾಯನಿಕ ತೊಳೆದರೆ ಹೋಗುವುದಿಲ್ಲ. ಅಪಾಯಕಾರಿ ರಾಸಾಯನಿಕ ಇದ್ದ ಖಾಲಿ ಡ್ರಮ್ಮು ಕೂಡ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಅದನ್ನು ಕೊಟ್ಟ ಕಂಪನಿಗೇ ವಾಪಸ್ ಕಳಿಸಲು ನೋಡಿ, ಆಗದಿದ್ದರೆ ಮಂಡಳಿ ಒಪ್ಪಿಗೆ ಇರುವ ಡ್ರಮ್ ಶುದ್ಧೀಕರಣದವರಿಗೆ ಕೊಡಿ. ಮನೆಗೆ ಬೇಡ. ಯಾರ ಮನೆಗೂ ಬೇಡ.

ಇಲ್ಲಿಂದ ನಿಮ್ಮ ಕಾನೂನಿನ ಪ್ರಶ್ನೆಗೆ ಬರುತ್ತೇನೆ. ರಟ್ಟು, ಮರ, ಬಟ್ಟೆ, ಚೊಕ್ಕ ಲೋಹ, ಚೊಕ್ಕ ಪ್ಲಾಸ್ಟಿಕ್ ವಿಷಯದಲ್ಲಿ ಮಾಲಿನ್ಯ ಮಂಡಳಿಯಿಂದ ಸಾಮಾನ್ಯವಾಗಿ ತಲೆನೋವಿಲ್ಲ. ಬಳಸಿದ ಎಣ್ಣೆ, ಪೇಂಟ್ ಸ್ಲಡ್ಜ್ (ಕೆಸರು), ಪ್ಲೇಟಿಂಗ್ ಘಟಕದ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಿಸುವ ಸ್ಥಾವರ) ಸ್ಲಡ್ಜ್, ಬಳಸಿದ ಆ್ಯಸಿಡ್ ಇವೆಲ್ಲ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತವೆ. ಇವನ್ನು ಹಂಚಿಕೊಳ್ಳಲೇಬಾರದು ಅಂತೇನಿಲ್ಲ. ಒಬ್ಬರ ಬಳಸಿದ ಆ್ಯಸಿಡ್ ಇನ್ನೊಬ್ಬರಿಗೆ ಕಚ್ಚಾ ಮಾಲು ಆಗಬಹುದು, ಅದಕ್ಕೆ ಅದೇ ನಿಯಮಗಳ 9ನೇ ನಿಯಮದಲ್ಲಿ ದಾರಿ ಇದೆ. ಆದರೆ ತೆಗೆದುಕೊಳ್ಳುವವರ ಹತ್ತಿರ ಆ ಕೆಲಸಕ್ಕೆಂದೇ ಮಂಡಳಿಯ ಒಪ್ಪಿಗೆ ಇರಬೇಕು, ಮಾಲು ಮ್ಯಾನಿಫೆಸ್ಟ್ (ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ದಾಖಲೆ ಪತ್ರ) ಜೊತೆ ಹೋಗಬೇಕು, ನಿಮ್ಮಲ್ಲಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಶುರುವಿನಲ್ಲೇ ಇಂಥ ಮಾಲಿಗೆ ಕೈ ಹಾಕಬೇಡಿ. ಮೊದಲು ಸುಲಭದ ನಾಲ್ಕು ಜೋಡಿ ಕೂಡಿಸಿ, ಸಂಘಕ್ಕೆ ನಂಬಿಕೆ ಬರಲಿ.

ಜಿಎಸ್‌ಟಿ ವಿಷಯ. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಲ್ ಮಾಡಿ ಕೊಡಿ. ಕೆಲಸದಲ್ಲಿ ಬಿದ್ದ ಸ್ಕ್ರ್ಯಾಪ್ ಬೇರೆ, ಕೊಂಡು ತಂದು ಬಳಸದೇ ಉಳಿದ ಕಚ್ಚಾ ಮಾಲು ಬೇರೆ. ಎರಡನೆಯದನ್ನು ಪುಕ್ಕಟೆ ಕೊಟ್ಟರೆ ಅದರ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಗೆ ಸಿಗುವ ವಜಾ) ವಾಪಸ್ ಕಟ್ಟಬೇಕಾಗುತ್ತದೆ. ಆರ್ಡರ್ ರದ್ದಾಗಿ ಉಳಿದ ರಾಡು, ಶೀಟುಗಳ ವಿಷಯದಲ್ಲಿ ಇದನ್ನು ಮರೆತು ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಲೋಹದ ಸ್ಕ್ರ್ಯಾಪಿಗೆ 2024ರ ಅಕ್ಟೋಬರ್ 10ರಿಂದ ಶೇ 2ರ ಟಿಡಿಎಸ್ (ಕೊಳ್ಳುವವರು ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕೂಡ ಬಂದಿದೆ. ಕೊಳ್ಳುವವರು ಮಾರುವವರು ಇಬ್ಬರೂ ನೋಂದಾಯಿತರಾಗಿ ಒಪ್ಪಂದದ ಮೊತ್ತ 2.5 ಲಕ್ಷ ದಾಟಿದರೆ ಅನ್ವಯ. ಇಷ್ಟನ್ನು ನಿಮ್ಮ ಲೆಕ್ಕಪತ್ರದವರ ಮುಂದೆ ಇಟ್ಟು ಒಂದು ಮಾದರಿ ಬಿಲ್ ಮಾಡಿಸಿ ಎಲ್ಲರಿಗೂ ಹಂಚಿ.

ಪುಕ್ಕಟೆ ಬೇಡ ಅನ್ನುವುದಕ್ಕೆ ತೆರಿಗೆ ಬಿಟ್ಟು ಇನ್ನೊಂದು ಕಾರಣವೂ ಇದೆ. ಪುಕ್ಕಟೆ ಕೊಡುವವರು ಎರಡನೇ ತಿಂಗಳಿಗೆ ಬೇರ್ಪಡಿಸುವುದನ್ನು ನಿಲ್ಲಿಸುತ್ತಾರೆ. ಇಬ್ಬರಿಗೂ ಏನಾದರೂ ಸಿಗಬೇಕು. ಕರೂರು ಹತ್ತಿರದ ತಮಿಳುನಾಡು ಸರ್ಕಾರದ ಕಾಗದ ಕಾರ್ಖಾನೆಗೆ ಕಬ್ಬಿನ ಸಿಪ್ಪೆ ಬೇಕಿತ್ತು. ಸಕ್ಕರೆ ಕಾರ್ಖಾನೆಗಳಿಗೆ ಆ ಸಿಪ್ಪೆಯೇ ಬಾಯ್ಲರಿನ ಉರುವಲು. ‘ಮಿಕ್ಕಿದ್ದು ಕೊಡಿ’ ಅಂದರೆ ಯಾರು ಕೊಡುತ್ತಾರೆ? ಕಾಗದದವರು ಅಲ್ಲಿ ಕಲ್ಲಿದ್ದಲಿನ ಬಾಯ್ಲರ್ ಹಾಕಿಸಿ, ಹಬೆ ಕೊಟ್ಟು, ಬದಲಿಗೆ ಸಿಪ್ಪೆ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡರು. ಕಲ್ಲಿದ್ದಲು ಸುಡುವುದನ್ನು ನಾನು ಮೆಚ್ಚುವುದಿಲ್ಲ. ಆದರೆ ಕೊಡುವವರು ಏನು ಕಳೆದುಕೊಳ್ಳುತ್ತಾರೆ ಅಂತ ಮೊದಲು ಯೋಚಿಸಿದ ಆ ಲೆಕ್ಕಾಚಾರವನ್ನು ಮೆಚ್ಚುತ್ತೇನೆ.

ಕೊನೆಯದು ಖಾಲಿ ಕೂತ ಮೆಷಿನ್. ಇದು ವಸ್ತುವಿಗಿಂತ ಸುಲಭ ಅನ್ನಿಸುತ್ತದೆ, ಆದರೆ ಜಗಳ ಇಲ್ಲೇ ಜಾಸ್ತಿ. ಮೆಷಿನ್ನನ್ನು ಆಪರೇಟರ್ ಇಲ್ಲದೆ ಬಾಡಿಗೆಗೆ ಬಿಡಬೇಡಿ. ಸ್ಪಿಂಡಲ್ (ಮೆಷಿನ್ನಿನ ತಿರುಗುವ ಭಾಗ) ಡಿಕ್ಕಿ ಹೊಡೆದರೆ ಯಾರ ತಪ್ಪು ಅಂತ ತೀರ್ಮಾನವೇ ಆಗುವುದಿಲ್ಲ. ಜಾಬ್ ವರ್ಕ್ (ಬೇರೆಯವರ ಮಾಲಿನ ಮೇಲೆ ಕೂಲಿಗೆ ಮಾಡಿಕೊಡುವ ಕೆಲಸ) ಆಗಿಯೇ ಮಾಡಿ: ಮಾಲು ಡೆಲಿವರಿ ಚಲನ್ ಮೇಲೆ ಬರಲಿ, ಗಂಟೆಯ ದರ ಇರಲಿ, ಟೂಲ್ ಯಾರದ್ದು, ರಿಜೆಕ್ಷನ್ ಎಷ್ಟರವರೆಗೆ ಒಪ್ಪಿಗೆ, ಬಿದ್ದ ಚಿಪ್ಸ್ ಯಾರಿಗೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಮಾರಿದ ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಗ್ರಾಹಕರ ಡ್ರಾಯಿಂಗ್ ಹೊರಗೆ ಕೊಡಬಾರದು ಅನ್ನುವ ಕರಾರಿಗೆ ನೀವು ಸಹಿ ಹಾಕಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ನನ್ನ ಸಲಹೆ, ಪೈಪೋಟಿ ಹುಟ್ಟಿಸದ ಸಾಮಾನಿನಿಂದ ಶುರು ಮಾಡಿ. ಫೋರ್ಕ್‌ಲಿಫ್ಟ್ ದಿನದ ಬಹುಪಾಲು ನಿಂತಿರುತ್ತದೆ, ಹಾರ್ಡ್‌ನೆಸ್ ಟೆಸ್ಟರ್ (ಲೋಹದ ಗಟ್ಟಿತನ ಅಳೆಯುವ ಯಂತ್ರ) ಇನ್ನೂ ಜಾಸ್ತಿ. ಬೆಂಗಳೂರಿಗೆ ಮಾಲು ಇಳಿಸಿ ಖಾಲಿ ಬರುವ ಗಾಡಿ ಯಾರ ವ್ಯಾಪಾರದ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಗಾಡಿ ಯಾವ ದಿನ, ಎಷ್ಟು ಗಂಟೆಗೆ ವಾಪಸ್ ಹೊರಡುತ್ತದೆ ಅನ್ನುವುದನ್ನು ನಿಮ್ಮ ಹಳೇ ವಾಟ್ಸಾಪ್ ಗುಂಪಿನಲ್ಲೇ ಹಾಕಬಹುದು, ಅದಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಒಂದು ಎಚ್ಚರ: ಸ್ವಂತ ಮಾಲಿಗೆಂದು ನೋಂದಾಯಿಸಿದ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಬೇರೆಯವರ ಮಾಲು ತರುವಂತಿಲ್ಲ, ಪರ್ಮಿಟ್ ಮತ್ತು ವಿಮೆಯ ಕಾಗದ ನೋಡಿಕೊಂಡೇ ಗಾಡಿಯ ಹೆಸರು ಹಾಕಿ.